ಡಾಕ್ಟರ ವಾಕಿಂಗ್ ಸ್ನೇಹಿತರು

ಕಿಟ್ಟಣ್ಣ ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದರಿಂದ ಹೆಬ್ಬೆರಳು ಬಿಡಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದ ಬಿಳಿ ಕಾರು ಕಣ್ಣಿಗೆ ಬಿತ್ತು. ಹಿಂದಿನ ಗಾಜಿಗೆ ಆನೆಗುಡ್ಡೆ ಗಣಪತಿಯ ಸ್ಟಿಕ್ಕರು. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ.

“ಎಂತ ಆಯ್ತು?” ಅಂದಳು ಹೆಂಡತಿ ವಿನೋದಾ.

“ಕಮಲಾಕರ ರಾಯರ ಕಾರು. ವಾಪಸ್ ಹೋಗುವ, ಬಾ.”

“ಅವರಿದ್ದರೆ ಎಂತ? ಅವರೇನು ಹುಲಿಯಾ?”

“ಹುಲಿಯಾದ್ರೆ ಅಡ್ಡಿಯಿರಲಿಲ್ಲ ಮಾರಾಯ್ತಿ. ಬೀಗರಾಗುವವರು!”

ವಿಷಯ ಇಷ್ಟು. ಕಿಟ್ಟಣ್ಣನ ಮಗ ಶ್ರೀಶನಿಗೂ ರಾಯರ ಮಗಳು ನಮಿತಾಳಿಗೂ ಬರುವ ಗುರುವಾರ ನಿಶ್ಚಿತಾರ್ಥ. ಕಿಟ್ಟಣ್ಣನದು ಮದರಾಸಿನ ನುಂಗಂಬಾಕ್ಕಂನ ಸಂದಿಯೊಂದರಲ್ಲಿ ನಾಲ್ಕಾರು ಮೇಜಿನ ಹೋಟ್ಲು. ರಾಯರದು ಮೂರು ಹೋಟ್ಲು, ಮೂರಕ್ಕೂ ಏಸಿ ರೂಮು. ಹುಡುಗ ಹುಡುಗಿ ತಾವೇ ಒಪ್ಪಿಕೊಂಡಿದ್ದರಿಂದ ರಾಯರು ಅಂತಸ್ತು ನೋಡಲಿಲ್ಲ. ಒಂದೇ ಮಾತು ಕೇಳಿದ್ದರು. “ನಿಮ್ಮಲ್ಲಿ ರೇಸು, ಇಸ್ಪೀಟು, ಲಾಟರಿ ಅಂತ ಯಾರಿಗಾದ್ರೂ ಉಂಟಾ? ಇದ್ದರೆ ಈಗಲೇ ಹೇಳಿ. ಆ ಗಾಳಿ ಸೋಕಿದ ಮನೆಗೆ ನಾನು ಹೆಣ್ಣು ಕೊಡುವುದಿಲ್ಲ.” ಕಿಟ್ಟಣ್ಣ ಬಾಯಲ್ಲಿದ್ದ ಹೋಳಿಗೆಯನ್ನು ಹಾಗೇ ನುಂಗಿ “ಛೆ ಛೆ” ಅಂದಿದ್ದ.

ಈಗ ನೋಡಿದರೆ, ಜೂಜು ಬಿಡಿಸುವ ಡಾಕ್ಟರು ತೀರಿಕೊಂಡ ಮನೆಯಲ್ಲಿ ಅದೇ ರಾಯರು! ಅವರಾದರೋ ಕನ್ನಡ ಸಂಘದ ಅಧ್ಯಕ್ಷರು, ಯಾರು ಹೋದರೂ ಹಾರ ಹಿಡಿದು ಬರುವವರು. ತನಗೆ ಎಂತ ನೆವ?

“ಎಳ್ಕೊಂಡು ಬಂದವಳು ನಾನೇ, ಆವತ್ತು,” ಅಂದಳು ವಿನೋದಾ. “ಇವತ್ತು ಎಳೆಯುವುದಿಲ್ಲ. ನೀವು ಬೇಕಾದ್ರೆ ಮನೆಗೆ ಹೋಗಿ. ನಾನು ಅವರ ಮುಖ ನೋಡದೆ ಬರುವುದಿಲ್ಲ.”

ಹೋಗಿಯೇ ಬಿಟ್ಟಳು. ಕಿಟ್ಟಣ್ಣ ಬಾಗಿಲ ಮುಂದಿನ ಚಪ್ಪಲಿಗಳ ರಾಶಿಯಲ್ಲಿ ತನ್ನದನ್ನೂ ಬಿಟ್ಟು ಒಳಗೆ ನಡೆದ. ಯಾವಾಗಲೂ ಪಕ್ಕದ ಓಣಿಯ ಸಣ್ಣ ಗೇಟಿನಿಂದ, ಮನೆಗೆ ಅಂಟಿದ ಕ್ಲಿನಿಕ್ಕಿಗೆ ಬಂದವನು ಅವನು. ಮುಂಬಾಗಿಲಿನಿಂದ ಕಾಲಿಟ್ಟದ್ದು ಇದೇ ಮೊದಲು.

ಹಾಲಿನ ನಡುವೆ ಗಾಜಿನ ಐಸುಪೆಟ್ಟಿಗೆ. ಒಳಗೆ ಡಾಕ್ಟರು ಚಂದ್ರಶೇಖರ, ಎಂದಿನಂತೆ ಯಾರನ್ನೂ ಗುರುತಿಸದ ಮುಖದಲ್ಲಿ ಮಲಗಿದ್ದರು. ಪಕ್ಕದಲ್ಲಿ ಅವರ ಹೆಂಡತಿ ನಾಗರತ್ನಮ್ಮ. ಬಾಗಿಲ ಬಳಿ ನಾಗರತ್ನಮ್ಮನ ತಮ್ಮ ಮುರಳೀಧರ, ಬೆಳಗಿನ ರೈಲಿಗೆ ಮೈಸೂರಿನಿಂದ ಬಂದಿಳಿದವರು, ಬಂದವರನ್ನೆಲ್ಲ ವಿಚಾರಿಸುತ್ತಿದ್ದರು.

“ತಾವು?”

ರಾಯರು ಕಿಟಕಿಯ ಹತ್ತಿರ ಈ ಕಡೆಗೇ ನೋಡುತ್ತ ನಿಂತಿದ್ದರು. ಕಿಟ್ಟಣ್ಣನ ನಾಲಿಗೆ ಡಾಕ್ಟರು ಹೇಳಿಕೊಟ್ಟದ್ದನ್ನೇ ಹೇಳಿತು.

“ನಾನು ಡಾಕ್ಟರ ವಾಕಿಂಗ್ ಫ್ರೆಂಡು.”

ಮುರಳೀಧರ ಕನ್ನಡಕ ಹಣೆಗೇರಿಸಿದರು. “ನೀವೂನಾ? ಅಲ್ಲಕ್ಕಾ, ಬೆಳಗ್ಗಿಂದ ಇದೊಂದೇ ಆಯ್ತು. ಕುತ್ತಿಗೆಗೆ ಕಾರ್ಡ್ ಹಾಕ್ಕೊಂಡು ಬಂದ್ರಲ್ಲ ಆ ಹುಡುಗರು, ಪೆರುಂಗುಡಿ ಕಂಪ್ಯೂಟರ್ ಕಂಪನಿಯವರು, ಅವರೂ ವಾಕಿಂಗು. ಖಾಕಿ ಅಂಗಿ ಅಜ್ಜ ಮಣಲಿಯಿಂದ ಬಂದಿದಾನೆ, ಅವನೂ ವಾಕಿಂಗು. ಮಣಲಿ ಇಲ್ಲಿಗೆ ಎಷ್ಟು ದೂರ ಪುಟ್ಟೀ?”

“ರೊಂಬ ದೂರಂ ಮಾಮಾ,” ಅಂದಳು ಡಾಕ್ಟರ ಮಗಳು ಮೌನ. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. “ಆಮೇಲೆ ಅಪ್ಪಾ ವಾಕಿಂಗಾ? ಚಾನ್ಸೇ ಇಲ್ಲೈ. ಗೇಟ್ ತನಕ ಹೋಗೋಕೂ ಆಟೋ ಕೇಳೋರು.”

ಅಳುವಿನ ಮಧ್ಯೆ ಯಾರೋ ಫಕ್ಕನೆ ನಕ್ಕರು, ಕೆಮ್ಮಿ ಮುಚ್ಚಿಕೊಂಡರು. ನಾಗರತ್ನಮ್ಮ ಕಿಟ್ಟಣ್ಣನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದರು.

“ಬನ್ನಿ, ಕೂತ್ಕೊಳ್ಳಿ. ಮುರಳೀ, ನೀನು ಸುಮ್ನಿರು. ಇವರೂ ವಾಕಿಂಗ್ ಸ್ನೇಹಿತರೇ.”

*

ತೊಂಬತ್ತೆಂಟರ ರೇಸಿನ ಸೀಸನ್ನು ಮುಗಿಯುವ ಹೊತ್ತಿಗೆ ಹೋಟ್ಲಿನ ಫ್ರಿಜ್ಜು ಹೋಗಿತ್ತು, ವಿನೋದಾಳ ಕೈ ಬೋಳಾಗಿತ್ತು. ಇನ್ನು ಹೋಗುವುದಕ್ಕೆ ಉಳಿದದ್ದು ಹೋಟ್ಲೇ. ಓಣಿಯ ಗೇಟಿನಿಂದ ಅವಳು ಅವನನ್ನು ಒಳಗೆ ದಬ್ಬಿದಾಗ, ಎಷ್ಟು ಹೋಯಿತು ಅಂತ ಡಾಕ್ಟರು ಕೇಳಲೇ ಇಲ್ಲ.

“ಗಿಂಡಿ ರೇಸಿಗೆ ಹೊರಡೋ ಮುಂಚೆ ಏನ್ಮಾಡ್ತಿರ್ತೀರಿ?”

“ಎಂತದೂ ಇಲ್ಲ. ಊಟದ ಗಲಾಟೆ ಮುಗಿದಿರ್ತದೆ. ಗಲ್ಲಾಪೆಟ್ಟಿಗೆ ಹತ್ರ ಕೂತಿರ್ತೇನೆ. ಫ್ಯಾನು ತಿರುಗ್ತಿರ್ತದೆ.”

“ಆ ಫ್ಯಾನಿನ ವಿಷಯ ಹೇಳಿ.”

ಆ ದಿನ ಪೂರ್ತಿ ಫ್ಯಾನಿನದೇ ಮಾತು. ಈ ಡಾಕ್ಟರಿಗೇ ತಲೆ ನೆಟ್ಟಗಿಲ್ಲ ಅನ್ನಿಸಿತು ಕಿಟ್ಟಣ್ಣನಿಗೆ. ಆದರೆ ಹಾಗೆ ಹೇಳುತ್ತ ಹೇಳುತ್ತ ಗೊತ್ತಾಯಿತು: ಕುದುರೆ ತನ್ನನ್ನು ಕರೆಯುವುದು ಗಿಂಡಿಯಲ್ಲಲ್ಲ. ಖಾಲಿ ಹೋಟ್ಲಿನಲ್ಲಿ, ಮೂರು ಗಂಟೆಯ ಫ್ಯಾನಿನ ಕೆಳಗೆ.

ಮೈಸೂರಿನಿಂದ ಮದರಾಸಿಗೆ ಬಂದಾಗ ಚಂದ್ರಶೇಖರ ಕುಡಿತ ಬಿಡಿಸುವ ಡಾಕ್ಟರು. ಕುಡಿತ ಬಿಟ್ಟವನೊಬ್ಬ ಲಾಟರಿ ಹಿಡಿದದ್ದನ್ನು ಕಂಡು ಜೂಜಿನ ಬೆನ್ನು ಹತ್ತಿದರು. ಮಣಲಿಯಲ್ಲಿ ಎಣ್ಣೆ ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿಗೆ ಲಾಟರಿ ಅಂಗಡಿಯ ಪಕ್ಕದಲ್ಲಿ ನಿಂತು ಜನರ ಮುಖ ನೋಡುತ್ತಿದ್ದರಂತೆ. ಒಂದೇ ಅಂಕಿಯಲ್ಲಿ ತಪ್ಪಿದವನು, ಪೂರ್ತಿ ತಪ್ಪಿದವನಿಗಿಂತ ಬೇಗ ಇನ್ನೊಂದು ಚೀಟಿ ಕೊಳ್ಳುತ್ತಾನೆ ಅಂತ ಬರೆದು ಡಾಕ್ಟರುಗಳ ಸಭೆಯಲ್ಲಿ ಓದಿದರೆ, “ಇದು ರೋಗವಲ್ಲ, ಕೆಟ್ಟ ಬುದ್ಧಿ” ಅಂತ ಹಿರಿಯರೊಬ್ಬರು ನಕ್ಕರಂತೆ. ಇದನ್ನು ಡಾಕ್ಟರೇ ಹೇಳಿಕೊಂಡು ನಗುತ್ತಿದ್ದರು. ಆಮೇಲೆ ಸರ್ಕಾರ ಲಾಟರಿ ನಿಲ್ಲಿಸಿತು. ಅಂಗಡಿಗಳು ಹೋದವು, ಕ್ಲಿನಿಕ್ಕಿನ ಬೆಂಚು ಖಾಲಿಯಾಗಲಿಲ್ಲ. ಕಂಪ್ಯೂಟರಿನಲ್ಲಿ ಇಸ್ಪೀಟಾಡುವ ಹುಡುಗರು ಬಂದು ಕೂತರು.

“ನಿಮ್ಮ ಕುದುರೆ ಮೂಗಿನಷ್ಟರಲ್ಲಿ ಸೋತಾಗ, ಸೋತೆ ಅಂತ ಅನ್ಸೋದೇ ಇಲ್ಲ, ಅಲ್ವಾ?” ಅಂತ ಅವರು ಕೇಳಿದ ದಿನ ಕಿಟ್ಟಣ್ಣ ಹೆಂಗಸರ ಹಾಗೆ ಅತ್ತಿದ್ದ. ಬೈಯದೆ, ಉಪದೇಶ ಮಾಡದೆ, ಇಷ್ಟು ಸರಿಯಾಗಿ ಯಾರೂ ಅವನನ್ನು ಹಿಡಿದಿರಲಿಲ್ಲ.

ಅವರದು ಒಂದು ನಿಯಮ. “ಹೊರಗಡೆ ನಾನು ನಿಮಗೆ ಪರಿಚಯ ಇಲ್ಲ. ನಮಸ್ಕಾರ ಮಾಡ್ಬೇಡಿ, ನಾನೂ ಮಾಡೋಲ್ಲ. ಯಾರಾದ್ರೂ ಕೆದಕಿ ಕೇಳಿದ್ರೆ ವಾಕಿಂಗ್ ಫ್ರೆಂಡ್ ಅನ್ನಿ. ಈ ಊರಲ್ಲಿ ಯಾರ ಜೊತೆ ಯಾರು ಬೇಕಾದ್ರೂ ನಡೀಬಹುದು.”

ಮದುವೆ ಮನೆಗಳಲ್ಲಿ ಅವರು ಗೋಡೆ ನೋಡುತ್ತ ಊಟ ಮಾಡಿ ಎದ್ದು ಹೋಗುತ್ತಿದ್ದರು. ಮದರಾಸಿನ ಕನ್ನಡಿಗರೆಲ್ಲ ಅವರನ್ನು ಸೊಕ್ಕಿನ ಮನುಷ್ಯ ಅಂದುಕೊಂಡರು.

ಆ ಸೊಕ್ಕಿನ ಮನುಷ್ಯ, ಮುಂದಿನ ಸೀಸನ್ನಿನ ಮೊದಲ ಶನಿವಾರ, ಸರಿಯಾಗಿ ಆ ಫ್ಯಾನಿನ ಹೊತ್ತಿಗೆ, ಕಿಟ್ಟಣ್ಣನ ಹೋಟ್ಲಿಗೆ ಬಂದು ಗಲ್ಲಾದ ಎದುರಿನ ಮೇಜಿನಲ್ಲಿ ಕೂತರು. ಒಂದು ಕಾಫಿ ಹೇಳಿದರು. ಪೇಪರು ಬಿಡಿಸಿದರು. ಕಿಟ್ಟಣ್ಣನ ಕಡೆ ಕಣ್ಣೆತ್ತಲಿಲ್ಲ. ಬಿಲ್ಲು ಕೊಡದೆ ಗಿರಾಕಿ ಕೂತಿರುವಾಗ ಗಲ್ಲಾ ಬಿಟ್ಟು ಏಳುವುದು ಹೇಗೆ? ಗಿಂಡಿಯಲ್ಲಿ ಕಡೆಯ ಓಟ ಮುಗಿಯುವ ಹೊತ್ತಿಗೆ ಎದ್ದು ದುಡ್ಡು ಕೊಟ್ಟು ಹೋದರು. ಅದರ ಮುಂದಿನ ಶನಿವಾರವೂ ಬಂದರು. ಅದರ ಮುಂದಿನದ್ದೂ. “ಆ ಬೊಕ್ಕತಲೆ ಒಂದು ಕಾಫಿಗೆ ಮೇಜನ್ನೇ ಕೊಂಡ್ಕೊಂಡ ಹಾಗೆ ಕೂತ್ಕೊಳ್ತದೆ” ಅಂತ ಸಪ್ಲೈಯರು ಗೊಣಗಿದರೆ ಕಿಟ್ಟಣ್ಣ, “ನಿನಗೆಂತ? ಕೂರ್ಲಿ,” ಅನ್ನುತ್ತಿದ್ದ. ಹಾಗೆ ಒಂದು ಇಡೀ ಸೀಸನ್ನು, ಇನ್ನೊಂದು ಸೀಸನ್ನು, ಒಂದು ಮಾತಿಲ್ಲದೆ.

*

“ಹೋಟ್ಲಿನವರಾ ನೀವು?” ನಾಗರತ್ನಮ್ಮ ವಿನೋದಾಳ ಕೈ ಹಿಡಿದು ಕೂರಿಸಿಕೊಂಡಿದ್ದರು. “ಗೊತ್ತಾಯ್ತು, ಸೀರೇಲಿ ಕಾಫಿಪುಡಿ ಘಮ ಇದೆ. ನಮ್ಮನೇಲಿ ಕಾಫಿ ಮಾಡೋ ಹಾಗಿರಲಿಲ್ಲ ಕಣಮ್ಮ. ಇವರಿಗೆ ವಾಸನೆ ಕಂಡ್ರೇ ಆಗ್ತಿರಲಿಲ್ಲ. ಹೊಟ್ಟೆಹುಣ್ಣು. ರಾಗಿಗಂಜಿ ಮೇಲೇ ಇದ್ದ ಪ್ರಾಣಿ. ಆದ್ರೂ ನೋಡಿ, ಎಷ್ಟೋ ವರ್ಷ ಶನಿವಾರ ಭಾನುವಾರ ಬಂತು ಅಂದ್ರೆ ಎದೆಯುರಿ ಎದೆಯುರಿ ಅಂತ ಒದ್ದಾಡೋರು. ಶನಿವಾರ ಬಾಯಲ್ಲಿ ಕಾಫಿ ವಾಸನೆ, ಭಾನುವಾರ ಅಂಗಿ ಮೇಲೆ ಗೋಳಿಬಜೆ ಎಣ್ಣೆ. ಎಲ್ಲಿ ತಿಂದ್ರಿ ಅಂದ್ರೆ, ‘ಕೆಲಸ ಇತ್ತು ಕಣೇ’ ಅನ್ನೋರು.”

ಕಿಟ್ಟಣ್ಣ ಐಸುಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟ. ಹೊಟ್ಟೆಹುಣ್ಣು! ಅವನು ಆ ಮನುಷ್ಯನಿಗೆ ಪ್ರೀತಿಯಿಂದ, ಗಿರಾಕಿಗಳಿಗೆ ಕೊಡದ ಮೊದಲ ಡಿಕಾಕ್ಷನ್ನು, ಗಟ್ಟಿಯದ್ದು, ಹಾಕಿಸಿ ಕೊಡುತ್ತಿದ್ದ.

ಹೊರಗೆ ವ್ಯಾನು ಬಂತು. “ನಾಲ್ಕು ಜನ ಬೇಕಪ್ಪಾ,” ಅಂತ ಮುರಳೀಧರ ಕೂಗಿದರು. “ವಾಕಿಂಗ್ ಸ್ನೇಹಿತರು ಬನ್ನಿ!”

ಮನೆಯಲ್ಲಿ ನಿಶ್ಚಿತಾರ್ಥ ಇಟ್ಟುಕೊಂಡವರು ಸಾವಿನ ಮನೆಯ ಹೊಸ್ತಿಲನ್ನೇ ತುಳಿಯುವುದಿಲ್ಲ, ಹೆಗಲು ಕೊಡುವ ಮಾತು ದೂರ. ಬಂದದ್ದನ್ನಾದರೂ ಏನೋ ಹೇಳಿ ಮುಚ್ಚಬಹುದು. ಚಟ್ಟಕ್ಕೆ ಹೆಗಲಿಟ್ಟರೆ, ಈ ಡಾಕ್ಟರು ನನಗೆ ಬರೀ ಪರಿಚಯದವರಲ್ಲ ಅಂತ ರಾಯರ ಮುಂದೆ ಸಾರಿ ಹೇಳಿದ ಹಾಗೆ. ಶ್ರೀಶನ ಮುಖ ಕಣ್ಣಮುಂದೆ ಬಂತು. ವಿನೋದಾ ಗಂಡನನ್ನು ನೋಡಲಿಲ್ಲ. ಬೇಕೆಂದೇ ಬೇರೆ ಕಡೆ ತಿರುಗಿ ಕೂತಿದ್ದಳು.

ಕಿಟ್ಟಣ್ಣ ಅಂಗಿ ಬಿಚ್ಚಿ ಅವಳ ಮಡಿಲಿಗೆ ಹಾಕಿದ. ಬಗ್ಗಿ ಮುಂದಿನ ಬಲಗಡೆಯ ಬಿದಿರಿಗೆ ಹೆಗಲು ಕೊಟ್ಟ. ಹಿಂದೆ ಮಣಲಿಯ ಅಜ್ಜ, ಅವನ ಪಕ್ಕ ಕಾರ್ಡಿನ ಹುಡುಗ. ಇನ್ನೊಬ್ಬರು ಯಾರು ಅಂತ ಎಡಕ್ಕೆ ತಿರುಗಿದರೆ, ಬರಿಮೈಯಲ್ಲಿ, ಜನಿವಾರ ಸರಿಮಾಡಿಕೊಳ್ಳುತ್ತ ಕಮಲಾಕರ ರಾಯರು ಬಗ್ಗುತ್ತಿದ್ದರು. ಇಬ್ಬರ ನಡುವೆ ಡಾಕ್ಟರ ತಲೆ.

“ನಿಧಾನ ಕಣ್ರಪ್ಪಾ,” ಹಿಂದಿನಿಂದ ನಾಗರತ್ನಮ್ಮನ ದನಿ ಬಂತು. “ಅವರಿಗೆ ನಡೆದು ರೂಢಿ ಇಲ್ಲ.”

*

ಮೌನ ತಂದೆಗೆ ಬೆಂಕಿಯಿಟ್ಟು ಮಾವನ ಜೊತೆ ಹೊರಟಳು. ಸುಡುಗಾಡಿನ ಗೇಟಿನ ಹೊರಗೆ ರಾಯರ ಡ್ರೈವರು ಕಾರಿನ ಬಾಗಿಲು ತೆರೆದು ನಿಂತಿದ್ದ.

“ಮೈಲಿಗೆಯಲ್ಲಿ ಕಾರು ಬೇಡ. ನೀನು ಹೋಗು,” ಅಂದರು ರಾಯರು. ಆಮೇಲೆ ಕಿಟ್ಟಣ್ಣನಿಗೆ, “ನಿಮ್ಮ ಹೋಟ್ಲಿನ ಹಿತ್ತಲಲ್ಲಿ ನಲ್ಲಿ ಉಂಟಲ್ಲ? ಅಲ್ಲೇ ಸ್ನಾನ ಮಾಡುವ.”

ಇಬ್ಬರೂ ನಡೆಯತೊಡಗಿದರು. ಜೂನಿನ ಬಿಸಿಲು. ಟಾರು ಕಾಲಿಗೆ ಅಂಟುತ್ತಿತ್ತು.

“ಮನೆಯಲ್ಲಿ ಶುಭಕಾರ್ಯ ಇಟ್ಟುಕೊಂಡು,” ಅಂದರು ರಾಯರು ಕೊನೆಗೆ, “ಒಬ್ಬ ವಾಕಿಂಗ್ ಫ್ರೆಂಡಿಗೆ ಯಾರಾದ್ರೂ ಹೆಗಲು ಕೊಡ್ತಾರಾ ಕಿಟ್ಟಣ್ಣ?”

“ನೀವೂ ಕೊಟ್ರಿ, ರಾಯರೇ.”

“ಹೂಂ. ಕೊಟ್ಟೆ.”

ಒಂದು ಬಸ್ಸು ಹಾದುಹೋಯಿತು. ಅದರ ಸದ್ದು ಅಡಗುವ ತನಕ ಕಾದು ರಾಯರು ಕೇಳಿದರು, “ಶನಿವಾರದ ಕಾಫಿ ನಿಮ್ಮಲ್ಲಾ?”

ಕಿಟ್ಟಣ್ಣ ನಿಂತುಬಿಟ್ಟ. ರಾಯರೂ ನಿಂತರು. ಆ ದೊಡ್ಡ ಮನುಷ್ಯನ ಕೆಳತುಟಿ ಅದುರುತ್ತಿತ್ತು. ಅದನ್ನು ನೋಡಿದ ಮೇಲೆ ಕಿಟ್ಟಣ್ಣನಿಗೆ ಹೆದರಿಕೆ ಉಳಿಯಲಿಲ್ಲ.

“ಹೌದು. ಗಲ್ಲಾದ ಎದುರಿನ ಮೇಜು. ಹಾಗಾದ್ರೆ, ಆ ಭಾನುವಾರದ ಗೋಳಿಬಜೆ...?”

“ಮೈಲಾಪುರದ ಬ್ರಾಂಚು. ಭಾನುವಾರ ಕ್ಲಬ್ಬಿನಲ್ಲಿ ಇಸ್ಪೀಟಿನ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಬರ್ತಿದ್ರು. ಎರಡು ತಿಂದು, ಮೂರನೆಯದ್ದನ್ನು ಚಟ್ನಿಯಲ್ಲಿ ಮುಳುಗಿಸಿ ಬಿಡ್ತಿದ್ರು. ರುಚಿಯಿಲ್ಲವೋ ಅಂತ ನಾನು ಭಟ್ಟನನ್ನು ಎರಡು ಸಲ ಬದಲಾಯಿಸಿದೆ ಮಾರಾಯ್ರೆ!”

“ನಾನು ಫಸ್ಟ್ ಡಿಕಾಕ್ಷನ್ನು ಕುಡಿಸಿದೆ,” ಅಂದ ಕಿಟ್ಟಣ್ಣ. “ಹೊಟ್ಟೆಹುಣ್ಣಿಗೆ.”

ಮತ್ತೆ ನಡೆದರು. ಮೊದಲಿಗಿಂತ ನಿಧಾನವಾಗಿ. ಇಬ್ಬರದೂ ಗಲ್ಲಾದಲ್ಲಿ ಕೂತು ಬೆಳೆದ ಹೊಟ್ಟೆ.

“ಗುರುವಾರದ್ದು...” ಅಂದರು ರಾಯರು.

ಕಿಟ್ಟಣ್ಣ ಅವರ ಮುಖ ನೋಡಿದ.

“ಗುರುವಾರದ ಊಟಕ್ಕೆ ಗೋಳಿಬಜೆ ಬೇಡ. ನನ್ನಿಂದ ನೋಡ್ಲಿಕ್ಕಾಗುವುದಿಲ್ಲ.”

“ಬೇಡ. ಪಾಯಸ ಎರಡು ಬಗೆ ಮಾಡಿಸುವ.”

ಮೂಲೆ ತಿರುಗುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಅಲ್ಲಿದ್ದ ದೀಪದ ಕಂಬವನ್ನು ಈ ಕಡೆಯಿಂದ ಒಬ್ಬರು, ಆ ಕಡೆಯಿಂದ ಒಬ್ಬರು ಹಿಡಿದುಕೊಂಡು ನಿಂತರು. ಬರಿಮೈ, ಹೆಗಲಿನ ಮೇಲೆ ಬಿದಿರು ಒತ್ತಿದ ಕೆಂಪು ಗುರುತು, ಒಬ್ಬರಿಗೆ ಬಲಗಡೆ, ಒಬ್ಬರಿಗೆ ಎಡಗಡೆ. ಇವರನ್ನು ಕಂಡು ಹಳದಿ ಆಟೋ ಒಂದು ನಿಧಾನವಾಯಿತು. ಡ್ರೈವರು ಎಲ್ಲಿಗೆ ಅಂತ ಕೇಳುತ್ತ ತಲೆ ಹೊರಗೆ ಹಾಕಿದ.

“ಎಂಗ ಸಾರ್ ಪೋಗಣುಂ?”

ರಾಯರು ಮಾತಾಡಲು ಉಸಿರು ಸಾಲದೆ ಕೈ ಬೀಸಿದರು. ಆಟೋದವ ಅರ್ಥವಾಗದೆ ಇನ್ನೂ ನೋಡುತ್ತಲೇ ಇದ್ದ.

“ವಾಕಿಂಗು,” ಅಂದ ಕಿಟ್ಟಣ್ಣ, ಕಂಬ ಬಿಡದೆ.