ಪೊರಕೆಯ ಹಿಂದೆ ಒಬ್ಬರು

ನಮ್ಮ ಕಾಲ್ತಾಮೂರಾದಲ್ಲಿ ಮೇ ತಿಂಗಳ ಎರಡನೇ ಭಾನುವಾರ ಯಾರ ಮನೆಯಲ್ಲೂ ಊಟಕ್ಕೆ ಇಷ್ಟು ಹೊತ್ತು ಅಂತಿಲ್ಲ. ಓಟದ ಕೊನೆಯವರು ಊರಬಾಗಿಲು ದಾಟಬೇಕು, ಅವರ ಹಿಂದೆ ಪೊರಕೆ ದಾಟಬೇಕು, ಆಮೇಲೆ ಇಗರ್ಜಿಯ ಗಂಟೆ ಹೊಡೆಯಬೇಕು. ಆಗಲೇ ಪಾಸ್ತಾ ನೀರಿಗೆ ಬೀಳುವುದು. ಹಂದಿಮಾಂಸದ ಸಾರು ಬೆಳಗಿನಿಂದ ಕುದಿಯುತ್ತಿರುತ್ತದೆ, ನೀರಿಗೆ ಉಪ್ಪೂ ಬಿದ್ದಿರುತ್ತದೆ. ಆದರೆ ಗಂಟೆಗೆ ಮೊದಲು ಪಾಸ್ತಾ ಹಾಕಿದ ಮನೆಗೆ ಒಳ್ಳೆಯದಾಗುವುದಿಲ್ಲವಂತೆ. ನಾನು ಡಾಕ್ಟರು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ನಾನೂ ಹಾಕುವುದಿಲ್ಲ.

ಪೊರಕೆ ಎಂದರೆ ನಾನೇ. ಹದಿನಾಲ್ಕು ಕಿಲೋಮೀಟರಿನ ಓಟದಲ್ಲಿ ಎಲ್ಲರಿಗಿಂತ ಹಿಂದೆ ಬರುತ್ತಾ, ಸುಸ್ತಾದವರನ್ನೂ ಕಾಲು ಉಳುಕಿಸಿಕೊಂಡವರನ್ನೂ ಗುಡಿಸಿಕೊಂಡು ಬರುವ ಕೆಲಸ. ಗುರುತಿಗೆಂದು ಬೆನ್ನಿಗೆ ನಿಜವಾದ ಪೊರಕೆಯನ್ನೇ ಕಟ್ಟುತ್ತಾರೆ. ನಿಯಮ ಒಂದೇ: ಕೊನೆಯ ಓಟಗಾರ ಒಳಗೆ ಹೋಗದೆ ಪೊರಕೆ ಊರಬಾಗಿಲು ದಾಟಕೂಡದು.

ಈ ಸಲದ ರಗಳೆ ಶುರುವಾದದ್ದು ಏಪ್ರಿಲಿನಲ್ಲಿ, ನನ್ನ ದವಾಖಾನೆಯಲ್ಲಿ. ಕೊರ್ರಾದೊ ಮೇಸ್ತ್ರಿ ಟೋಪಿ ಕೈಯಲ್ಲಿ ಹಿಡಿದು ಬಂದು ಕೂತರು. ಸುತ್ತಲಿನ ಹೊಲಗಳ ಕಲ್ಲುಗೋಡೆಗಳಲ್ಲಿ ಅರ್ಧದಷ್ಟು ಅವರ ಕೈಯಲ್ಲೇ ಎದ್ದವು. ಗಾರೆಯಿಲ್ಲ, ಸುಣ್ಣವಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ ಗೋಡೆಗಳು. ಓಡಲು ಡಾಕ್ಟರ ಪ್ರಮಾಣಪತ್ರ ಬೇಕು. ಎರಡು ವರ್ಷದಿಂದ ನಾನು ಅವರಿಗೆ ಕೊಟ್ಟಿರಲಿಲ್ಲ.

"ಮೇಸ್ತ್ರಿ, ನಿಮಗೆ ಎಪ್ಪತ್ನಾಲ್ಕು."

"ಗೋಡೆಗೆ ಯಾರಾದ್ರೂ ವಯಸ್ಸು ಕೇಳ್ತಾರಾ ಡಾಕ್ಟ್ರಮ್ಮ?"

"ಬಿದ್ಮೇಲೆ ಕೇಳ್ತಾರೆ."

"ಎರಡು ವರ್ಷ ಆಯ್ತು, ಇಮ್ಮಾ ಬಾಲ್ಕನೀಲಿ ಕೂತ್ಕೊಂಡು ಬೇರೆಯವರ ಗಂಡಂದಿರಿಗೆ ಚಪ್ಪಾಳೆ ತಟ್ತಾಳೆ. ನಾನು ಪಕ್ಕದಲ್ಲಿ ಕೂತು ಹುರಿಗಡಲೆ ಸುಲೀಬೇಕು. ನೀವೇ ಹೇಳಿ, ಇದೊಂದು ಬಾಳಾ?"

ಎದೆಯ ಪಟ ತೆಗೆದೆ, ರಕ್ತ ನೋಡಿದೆ, ಮೆಟ್ಟಿಲು ಹತ್ತಿಸಿ ಇಳಿಸಿದೆ. ಹುಳುಕು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಪೆನ್ನು ತೆಗೆದು ಹೇಳಿದೆ:

"ಷರತ್ತು ಕೇಳಿಸ್ಕೊಳ್ಳಿ. ಯಾರ ಜೊತೆಗೂ ಜಿದ್ದಿಗೆ ಬೀಳೋ ಹಾಗಿಲ್ಲ. ಯಾರನ್ನೂ ದಾಟಿ ಮುಂದೆ ಹೋಗೋ ಹಾಗಿಲ್ಲ. ಏದುಸಿರು ಬಂದ್ರೆ ಇಪ್ಪತ್ತು ನಿಮಿಷ ನಿಲ್ಬೇಕು."

ಅವರು ಎರಡು ಬೆರಳು ಶಿಲುಬೆಯಂತೆ ಅಡ್ಡ ಮಾಡಿ ಮುತ್ತಿಟ್ಟರು. "ಸಂತ ವೆನೆರಾಳ ಆಣೆ. ಒಂದು ಆಮೆಯನ್ನೂ ದಾಟಲ್ಲ."

ಸಹಿ ಹಾಕುವ ಮೊದಲು ಪತ್ರವನ್ನು ಎರಡು ಸಲ ಓದಿದೆ. ಕಾರಣ ಊರಿಗೆಲ್ಲ ಗೊತ್ತು. ನನಗಿಂತ ಮೊದಲು ನನ್ನ ಅಪ್ಪನೇ ಇಲ್ಲಿ ಡಾಕ್ಟರಾಗಿದ್ದರು. ಹನ್ನೊಂದು ವರ್ಷದ ಹಿಂದೆ ಅವರೂ ಹೀಗೆಯೇ ಒಬ್ಬ ಮಾಂಸದಂಗಡಿಯವನಿಗೆ ಸಹಿ ಹಾಕಿಕೊಟ್ಟರು. ಅವನು ಓಟದ ಕೊನೆಗೆ ಸಿಗುವ ಕಡಿದಾದ ದಾರಿಯಲ್ಲಿ, ನಾವು ಹೇಸರಗತ್ತೆಯ ಏರು ಅನ್ನುವಲ್ಲಿ, ಕುಸಿದು ಬಿದ್ದವನು ಮೇಲೇಳಲಿಲ್ಲ. ಯಾರೂ ಅಪ್ಪನನ್ನು ಒಂದು ಮಾತು ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಚೆನ್ನಾಗಿತ್ತು. ಅಪ್ಪ ಮತ್ತೆ ಚೌಕಕ್ಕೆ ಕಾಲಿಡಲಿಲ್ಲ. ದಿನವಿಡೀ ಮನೆಯ ಕುರ್ಚಿಯಲ್ಲೇ ಕೂತಿರುತ್ತಿದ್ದರು, ಕ್ಷೌರಿಕ ವೀತೊ ಅಲ್ಲಿಗೇ ಬಂದು ಗಡ್ಡ ತೆಗೆದು ಹೋಗುತ್ತಿದ್ದ. ನಾಲ್ಕು ವರ್ಷ ಹಾಗೇ ಇದ್ದು ತೀರಿಕೊಂಡರು. ನಾನು ಪೊರಕೆ ಹೊತ್ತದ್ದು ಅದರ ಮರುವರ್ಷದಿಂದ.

ಭಾನುವಾರ ಎಂಬತ್ನಾಲ್ಕು ಜನ ಊರಿನ ಕೆಳಗಿನ ಬಾಗಿಲಿನಿಂದ ಹೊರಟರು. ಮೇಸ್ತ್ರಿ ಎದೆಯ ಮೇಲೆ ನಲವತ್ತೊಂದು. ಅವರು ಮಾತು ಉಳಿಸಿಕೊಂಡರು. ಕಣಿವೆಗೆ ಇಳಿಯುವಾಗ, ಹೊಳೆ ದಾಟುವಾಗ, ಸಂತೆಗೆ ಹೊರಟವರ ಹಾಗೆ ಎಲ್ಲರಿಗಿಂತ ಹಿಂದೆ ಇದ್ದರು. ನಾನು ಅವರ ಹಿಂದೆ ನಲವತ್ತು ಹೆಜ್ಜೆಯಲ್ಲಿ, ಅವರ ಬೆನ್ನನ್ನೇ ನೋಡುತ್ತಾ ಬಂದೆ.

ಹೇಸರಗತ್ತೆಯ ಏರಿನ ಬುಡದಲ್ಲಿ ಕತಾನಿಯಾದಿಂದ ಬಂದ ಒಬ್ಬ ಹುಡುಗಿ ಕಲ್ಲಿನ ಮೇಲೆ ಕೂತು ಅಳುತ್ತಿದ್ದಳು. ಕಾಲು ಉಳುಕಿತ್ತು. ಓಟ ಬಿಟ್ಟು ಕೂತವಳನ್ನು ದಾಟಿದರೆ ಆಣೆಗೆ ಬಾಧಕವಿಲ್ಲ ಎಂದು ಮೇಸ್ತ್ರಿ ಮುಂದೆ ಹೋದರು. ಪಟ್ಟಿ ಕಟ್ಟಿ, ಹೊಲದವರ ಮೂರು ಚಕ್ರದ ಗಾಡಿಯಲ್ಲಿ ಕೂರಿಸಿ ಕಳಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ತಲೆ ತಗ್ಗಿಸಿಕೊಂಡು ಏರು ಹತ್ತಿದೆ. ಎರಡೂ ಕಡೆ ಕಲ್ಲುಗೋಡೆ, ನಡುವೆ ಇಬ್ಬರು ನಡೆಯುವಷ್ಟೇ ದಾರಿ. ಎಲ್ಲಿಯೂ ಮೇಸ್ತ್ರಿ ಕಾಣಲಿಲ್ಲ. ಮುದುಕ ಚುರುಕಾಗಿಬಿಟ್ಟರಲ್ಲ ಎಂದು ಒಳಗೊಳಗೇ ನಕ್ಕೆ.

ಊರಬಾಗಿಲಿನಲ್ಲಿ ವೀತೊ ಪಟ್ಟಿ ಹಿಡಿದು ನಿಂತಿದ್ದ. ಓಟದ ಯಜಮಾನಿಕೆ ಅವನದೇ. ನನ್ನನ್ನು ನೋಡಿ, ನನ್ನ ಹಿಂದಿನ ಖಾಲಿ ದಾರಿ ನೋಡಿದ.

"ಎಂಬತ್ತೆರಡು ಒಳಗೆ ಹೋದ್ವು. ಗಾಡೀಲಿ ಬಂದ ಹುಡುಗಿ ಸೇರಿ ಎಂಬತ್ಮೂರು. ನಲವತ್ತೊಂದು ಎಲ್ಲಿ?" ಎಂದ.

"ನನಗಿಂತ ಮುಂದೆ ಬಂದ್ರಲ್ಲ!"

"ಬಂದಿಲ್ಲ, ಫಿಲಿಪ್ಪಾ." ಅವನ ಕೈ ಜೇಬಿನೊಳಗಿನ ಕಬ್ಬಿಣದ ಬೀಗದಕೈಗೆ ಹೋಯಿತು. ಕೆಟ್ಟದ್ದು ನೆನಪಾದರೆ ನಮ್ಮವರು ಕಬ್ಬಿಣ ಮುಟ್ಟುತ್ತಾರೆ.

ಬಾಗಿಲಿನ ಮೇಲಿನ ಬಾಲ್ಕನಿಯಿಂದ ಇಮ್ಮಾ ಬಗ್ಗಿ ನೋಡಿದಳು.

"ಡಾಕ್ಟ್ರಮ್ಮ, ನಮ್ಮನೆಯವ್ರು ಎಲ್ಲಿ? ನಿಮ್ಮ ಮುಂದೇ ಇರ್ಬೇಕಿತ್ತಲ್ವಾ?"

"ಬರ್ತಿದ್ದಾರೆ ಇಮ್ಮಾ," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!

ಒಳಗಿನ ಬೀದಿಯಿಂದ ಯಾರೋ ಕೂಗಿದರು: "ಏ ವೀತೊ, ಗಂಟೆ ಹೊಡೀತೀಯೋ, ಇಲ್ಲ ನಾವೇ ಹೊಟ್ಟೆ ಹೊಡ್ಕೋಬೇಕೋ?"

ನಾನು ತಿರುಗಿ ಇಳಿಜಾರಿನಲ್ಲಿ ಓಡಿದೆ. ಐವತ್ತೊಂದು ವರ್ಷದ ಮಂಡಿಗಳು ಬೇಡ ಎಂದವು, ಕೇಳಲಿಲ್ಲ. ಹೆಸರು ಹಿಡಿದು ಕೂಗಿದೆ. ಗೋಡೆಗಳ ಮೇಲಿನಿಂದ ಹಲ್ಲಿಗಳು ಓಡಿದವು, ಉತ್ತರ ಬರಲಿಲ್ಲ. ಯಾವ ತಿರುವಿನಲ್ಲಿ ಬಿದ್ದಿರುತ್ತಾರೋ, ಯಾವ ಕ್ಯಾರಬ್ ಮರದ ಬುಡದಲ್ಲೋ. ನನ್ನ ಸಹಿ ಕಣ್ಣ ಮುಂದೆಯೇ ಇತ್ತು. ಮನೆಯಲ್ಲಿ ಅಪ್ಪ ಕೂರುತ್ತಿದ್ದ ಆ ಕುರ್ಚಿಯೂ ಇತ್ತು, ಅದರಲ್ಲಿ ನಾನು ಕೂತಿದ್ದೆ. ಇಮ್ಮಾಗೆ ಏನು ಹೇಳಲಿ? ದೇವರೇ, ಇದೊಂದು ಬೇಡ ಎಂದು ಬಾಯಿಬಿಟ್ಟೇ ಬೇಡಿಕೊಂಡೆ.

ಮೂರನೇ ತಿರುವು ಬಂತು. ಅಲ್ಲಿ ದಾರಿಗೆ ಕಲ್ಲುರಾಶಿ ಬಿದ್ದಿದೆ ಎಂದು ನೆನಪಾಗಿ ಹಾರಲು ಕಾಲೆತ್ತಿದೆ. ಗುರುವಾರ ಸುಣ್ಣದ ಬಾಣದ ಗುರುತು ಹಾಕಲು ಬಂದಾಗ ಅಲ್ಲಿ ಗೋಡೆ ಕುಸಿದಿತ್ತು. ಕತ್ತೆಯೊಂದು ನುಗ್ಗುವಷ್ಟು ಕಿಂಡಿ. ಎತ್ತಿದ ಕಾಲು ಬರಿಯ ನೆಲಕ್ಕೇ ಬಿತ್ತು. ದಾರಿಯಲ್ಲಿ ಕಲ್ಲಿರಲಿಲ್ಲ.

ನಿಂತೆ. ಗೋಡೆ ನೋಡಿದೆ. ಕಿಂಡಿಯಿರಲಿಲ್ಲ. ಎದೆಮಟ್ಟಕ್ಕೆ ಹೊಸದಾಗಿ ಕೂರಿಸಿದ ಕಲ್ಲುಗಳು, ನೆಲಕ್ಕೆ ತಾಗಿದ್ದ ಮೈಯಲ್ಲಿ ಇನ್ನೂ ಹಸಿಮಣ್ಣು. ಗೋಡೆಯ ಆಚೆಯಿಂದ ಟಕ್, ಟಕ್ ಎಂದು ಸದ್ದು.

ಗೋಡೆಗೆ ಕೈಯೂರಿ ಬಗ್ಗಿದೆ. ಕೊರ್ರಾದೊ ಮೇಸ್ತ್ರಿ ಆಚೆ ಕುಕ್ಕರಗಾಲಲ್ಲಿ ಕೂತು, ಸಂದಿಗೆ ಚಿಕ್ಕ ಕಲ್ಲು ತುರುಕಿ, ದೊಡ್ಡ ಕಲ್ಲಿನಿಂದ ಮೆಲ್ಲಗೆ ಬಡಿಯುತ್ತಿದ್ದರು. ಗೋಡೆಗೊರಗಿ ದಾರಿಯಲ್ಲೇ ಕೂತುಬಿಟ್ಟೆ. ಬದುಕಿದೆ, ನಾನೇ ಬದುಕಿದೆ ಅನ್ನಿಸಿತು. ಆಮೇಲೆ ಸಿಟ್ಟು ಬಂತು.

"ಮೇಸ್ತ್ರಿ! ಏನ್ಮಾಡ್ತಿದ್ದೀರಿ?"

"ಓ, ಡಾಕ್ಟ್ರಮ್ಮ! ವಾಪಸ್ ಬಂದ್ರಾ?" ಅವರ ತಲೆ ಮೇಲೆದ್ದಿತು. "ಏದುಸಿರು ಬಂತು. ಇಪ್ಪತ್ತು ನಿಮಿಷ ನಿಲ್ಲಿ ಅಂದಿದ್ರಲ್ಲ, ನಿಂತೆ. ಸುಮ್ನೆ ಹೇಗೆ ನಿಲ್ಲೋದು? ಇದು ಬಾಯಿ ಬಿಟ್ಕೊಂಡು ಬಿದ್ದಿತ್ತು. ಒಳಗಿನಿಂದ ಕಟ್ಟಿದ್ರೆ ಗಟ್ಟಿ."

"ಏದುಸಿರು ಬಂದವ್ರು ಕಲ್ಲು ಹೊರ್ತಾರಾ?"

"ಕಲ್ಲು ಹೊತ್ಮೇಲೆ ಉಸಿರು ಸರಿಹೋಯ್ತು. ನನಗೆ ಓಡಿದ್ರೆ ಸುಸ್ತು, ಕಟ್ಟಿದ್ರೆ ಅಲ್ಲ."

"ನಾನು ಹೋಗೋದು ನೋಡ್ಲಿಲ್ವಾ ನೀವು?"

"ನೋಡ್ದೆ. ಗೋಡೆ ಮೇಲೆ ಪೊರಕೆ ಕುಣೀತಾ ಹೋಯ್ತು. ಸದ್ಯ, ಇನ್ನು ಹಿಂದಿನಿಂದ ತಳ್ಳೋರು ಯಾರೂ ಇಲ್ಲ, ನಿಧಾನವಾಗಿ ಮುಗಿಸೋಣ ಅಂದ್ಕೊಂಡೆ."

"ಆಮೇಲೆ ನಾನು ಗಂಟಲು ಹರ್ಕೊಂಡು ಕೂಗಿದ್ದು?"

"ಬಡೀತಿದ್ದೆ. ಕಿವಿ ಮೊದಲೇ ಅಷ್ಟಕ್ಕಷ್ಟೆ."

ಬೈಗುಳವೆಲ್ಲ ಮುಗಿಯುವವರೆಗೆ ಬೈದೆ. ಅವರು ಗೋಡೆ ಹತ್ತಿ ಈಚೆ ಇಳಿದು, ಕೈಯ ಮಣ್ಣನ್ನು ನಲವತ್ತೊಂದಕ್ಕೆ ಒರೆಸಿಕೊಂಡು, ಪೂರ್ತಿ ಕೇಳಿಸಿಕೊಂಡರು. ನಡುನಡುವೆ ಗೋಡೆಯ ಕಡೆ ಒಂದು ಕಣ್ಣು ಇತ್ತು. ನಿಜ ಹೇಳಬೇಕೆಂದರೆ ಅಷ್ಟು ಸಂತೋಷದಿಂದ ನಾನು ಯಾರನ್ನೂ ಬೈದಿಲ್ಲ.

ಇಬ್ಬರೂ ಜೊತೆಯಾಗಿ ಮೇಲೆ ಬಂದೆವು. ಊರಬಾಗಿಲು ಹತ್ತು ಹೆಜ್ಜೆಯಿರುವಾಗ ಮೇಸ್ತ್ರಿ ನಿಂತರು.

"ನೀವು ಮುಂದೆ ಹೋಗಿ ಡಾಕ್ಟ್ರಮ್ಮ."

"ನಾನು ಹೋಗೋ ಹಾಗಿಲ್ಲ. ಪೊರಕೆ ಕೊನೇಲಿ."

"ನೀವು ನನ್ನ ದಾಟಿ ಹೋಗಿದ್ದಾಗಿದೆ. ಈಗ ನಾನು ನಿಮ್ಮ ಮುಂದೆ ಬಂದ್ರೆ, ದಾಟಿದ ಹಾಗಾಯ್ತು. ಆಣೆ ಇಟ್ಟಿದ್ದೀನಿ."

"ಆ ಆಣೆ ನಾನೇ ಬಿಟ್ಟೆ, ಹೋಗಿ!"

"ನಿಮಗಿಟ್ಟಿದ್ರೆ ನೀವು ಬಿಡಬಹುದಿತ್ತು. ಸಂತ ವೆನೆರಾಗೆ ಇಟ್ಟಿದ್ದು."

ಬಾಗಿಲಿನೊಳಗೆ ಜನ ಸೇರಿದ್ದರು. ಎಲ್ಲರ ಮುಖದಲ್ಲೂ ಹಸಿವು. "ದಾಟಯ್ಯಾ ಮಾರಾಯ!" ಎಂದೊಬ್ಬರು, "ಪೊರಕೇಲೇ ಗುಡಿಸ್ಹಾಕಿ ಡಾಕ್ಟ್ರಮ್ಮ!" ಎಂದಿನ್ನೊಬ್ಬರು. ವೀತೊ ತಲೆಗೆ ಕೈ ಹೊತ್ತ. ಮೇಸ್ತ್ರಿ ತಾವು ಕಟ್ಟಿದ ಗೋಡೆಗಳಂತೆಯೇ ಕದಲಲಿಲ್ಲ.

"ಕೈ ಕೊಡಿ ಇಲ್ಲಿ," ಎಂದೆ.

"ಯಾಕೆ?"

"ನಾಡಿ ನೋಡ್ಬೇಕು. ಕಲ್ಲು ಹೊತ್ತಿದ್ದೀರಿ. ನಿಂತು ನೋಡೋದಲ್ಲ, ನಡೀತಾ ನೋಡ್ಬೇಕು."

ಡಾಕ್ಟರು ಹೇಳಿದ ಮೇಲೆ ಮುಗಿಯಿತು. ಮಣಿಕಟ್ಟು ಕೊಟ್ಟರು. ಮೂರು ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಗಡಿಯಾರ ನೋಡುತ್ತಾ, ಅವರ ಭುಜಕ್ಕೆ ಭುಜ ತಾಗಿಸಿ ನಡೆದೆ. ಅರ್ಧ ಹೆಜ್ಜೆ ಹಿಂದಿಲ್ಲ, ಮುಂದಿಲ್ಲ. ಒಂದು, ಎರಡು, ಮೂರು. ಮಣ್ಣು ಒಣಗಿ ಒರಟಾದ ಚರ್ಮದ ಕೆಳಗೆ ನಾಡಿ ತುಂಬಿಕೊಂಡು ಬಡಿಯುತ್ತಿತ್ತು, ಎಲ್ಲೂ ತಪ್ಪುತ್ತಿರಲಿಲ್ಲ. ಬಾಗಿಲ ಕಮಾನಿನ ನೆರಳು ಇಬ್ಬರ ಮೇಲೂ ಒಟ್ಟಿಗೇ ಬಿದ್ದು ಒಟ್ಟಿಗೇ ಹೋಯಿತು. ಹದಿನೇಳು, ಹದಿನೆಂಟು ಎನ್ನುವಾಗ ತಲೆಯ ಮೇಲೆ ಗಂಟೆ ಹೊಡೆಯಿತು. ಎಣಿಕೆ ತಪ್ಪಿಹೋಯಿತು.

ಬೀದಿಯುದ್ದಕ್ಕೂ ಮುಚ್ಚಳ ತೆಗೆಯುವ ಸದ್ದು, ನೀರಿಗೆ ಪಾಸ್ತಾ ಸುರಿಯುವ ಸದ್ದು. ಜನ ಕ್ಷಣದಲ್ಲಿ ಚದುರಿದರು. ಇಮ್ಮಾ ಮೇಲಿನಿಂದ ಕೂಗಿದಳು:

"ಎಲ್ಲಿ ಹಾಳಾಗಿ ಹೋಗಿದ್ರಿ?"

"ಮೂರನೇ ತಿರುವಿನ ಗೋಡೆ ಬಿದ್ದಿತ್ತು ಕಣೇ!"

"ನನಗೆ ಗೊತ್ತಿತ್ತು! ಡಾಕ್ಟ್ರಮ್ಮ, ನೀವೂ ಬನ್ನಿ, ಮೂರು ಜನಕ್ಕೆ ಹಾಕ್ತಿದ್ದೀನಿ!"

ವೀತೊ ಬಂದು ನನ್ನ ಬೆನ್ನಿನ ಪೊರಕೆ ಬಿಚ್ಚಿದ. "ನಾಳೆ ಅಂಗಡಿಗೆ ಬಾ, ಕಾಫಿ ಕುಡಿಯೋಣ. ಚೌಕಕ್ಕೆ ಬರ್ತಿದ್ದಾಗ ನಿಮ್ಮಪ್ಪ ಗಡ್ಡಕ್ಕೆ ಕೂರ್ತಿದ್ದ ಕುರ್ಚಿ ಇನ್ನೂ ಅಲ್ಲೇ ಇದೆ," ಎಂದ. ಆಗಲಿ ಎಂದು ತಲೆಯಾಡಿಸಿದೆ.

"ಡಾಕ್ಟ್ರಮ್ಮ," ಎಂದರು ಮೇಸ್ತ್ರಿ ಪಿಸುದನಿಯಲ್ಲಿ, "ಇನ್ನು ಕೈ ಬಿಡ್ತೀರಾ? ನನ್ನ ಹೆಂಡ್ತಿ ನೋಡ್ತಿದ್ದಾಳೆ."

ನೋಡಿದರೆ ಇನ್ನೂ ಹಿಡಿದೇ ಇದ್ದೆ. ಇನ್ನೊಂದು ನಾಲ್ಕು ಬಡಿತ ಕೇಳಿ, ಬಿಟ್ಟೆ.