ಒಂದೇ ಗೆರೆ

ಬೆಳಿಗ್ಗೆ ಒಂಬತ್ತೂಕಾಲಿಗೆ ಪರೀಕ್ಷೆಯ ಪಟ್ಟಿಯ ಮೇಲೆ ಒಂದೇ ಗೆರೆ ಮೂಡಿತು. ಚಿಪ್ಪಿನ ಮಾಂಸದಲ್ಲಿ ವಿಷವಿಲ್ಲದಿದ್ದರೆ ಎರಡು ಕಾಣಬೇಕಿತ್ತು. ಪ್ರಯೋಗಾಲಯದ ಸಹಾಯಕಿ ಇನ್ನೊಂದು ಪಟ್ಟಿ ಅದ್ದಿದಳು. ಮತ್ತೆ ಒಂದೇ.

ಹತ್ತು ದಿನದ ಮಳೆ ಹೊಲಗಳ ಗೊಬ್ಬರವನ್ನೆಲ್ಲ ನದಿಗಿಳಿಸಿ ಅಳಿವೆಗೆ ತಂದು ಸುರಿದಿತ್ತು. ಆಮೇಲೆ ಸುಡುಬಿಸಿಲು. ಹೊಳೆ ಕಡಲು ಕೂಡುವ ಆ ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿ ವಿಪರೀತ ಬೆಳೆದಿತ್ತು. ನೀರನ್ನು ಸೋಸಿ ಬದುಕುವ ಚಿಪ್ಪುಗಳು ಅದರ ವಿಷವನ್ನು ಒಳಗೆ ತುಂಬಿಕೊಂಡಿದ್ದವು. ಚಿಪ್ಪಿಗೆ ಏನೂ ಆಗದು. ತಿಂದವರಿಗೆ ಮೊದಲು ತುಟಿ ಜೋಮು ಹಿಡಿಯುತ್ತದೆ, ಆಮೇಲೆ ಕೈಕಾಲು, ಕೊನೆಗೆ ಉಸಿರು.

"ಸರ್, ಮಾರಾಟ ಈಗ್ಲೇ ನಿಲ್ಲಿಸ್ಬೇಕು."

ಅಧಿಕಾರಿ ಕನ್ನಡಕ ತೆಗೆದರು. "ದೊಡ್ಡ ಲ್ಯಾಬಿನ ವರದಿ ಬರ್ಲಿ. ಆತುರಪಟ್ರೆ ಎಲ್ಲಾ ನನ್ನ ತಲೆಗೇ ಬರುತ್ತೆ. ಮಧ್ಯಾಹ್ನದವರೆಗೆ ತಡ್ಕೋ."

"ಅಷ್ಟೊತ್ತಿಗೆ ಎಲ್ಲರ ಹೊಟ್ಟೆ ಸೇರಿರುತ್ತೆ ಸರ್."

ಉತ್ತರಕ್ಕೆ ಕಾಯದೆ ಅವಳು ಬಿಳಿ ಕೋಟಿನಲ್ಲೇ ಮೆಟ್ಟಿಲಿಳಿದಳು. ಮಾರುಕಟ್ಟೆಯಲ್ಲಿ ಚಿಪ್ಪು ಮಾರುವ ಹನ್ನೆರಡು ಹೆಂಗಸರಲ್ಲಿ ಅವಳ ಅಕ್ಕನೂ ಒಬ್ಬಳು. ದಾರಿಯುದ್ದಕ್ಕೂ ಫೋನ್ ಮಾಡಿದಳು, ಅಕ್ಕ ಎತ್ತಲಿಲ್ಲ. ಒದ್ದೆ ಕೈಯಲ್ಲಿ ಅವಳು ಫೋನ್ ಮುಟ್ಟುವವಳಲ್ಲ.

"ಏನೇ, ಆಫೀಸಿಗೆ ಬೆಂಕಿ ಬಿತ್ತಾ?" ಅಕ್ಕ ದೂರದಿಂದಲೇ ಕೂಗಿದಳು.

"ಅಕ್ಕಾ, ಚಿಪ್ಪಲ್ಲಿ ವಿಷ ಇದೆ. ಯಾರಿಗೂ ಕೊಡ್ಬೇಡ."

ಕೊಳ್ಳುವವರು ಹಿಂದೆ ಸರಿದರು. ಅಕ್ಕನ ಮುಖ ಕೆಂಪಾಯಿತು. "ಇಪ್ಪತ್ತು ವರ್ಷ ಇದೇ ಕೆಸರಲ್ಲಿ ಕೈಯಾಡಿಸಿದೀನಿ. ನಿನ್ನನ್ನ ಓದಿಸಿದ್ದೂ ಇದೇ ಚಿಪ್ಪು. ಕುದಿಸಿದ್ರೆ ಇನ್ನೆಲ್ಲಿ ವಿಷ?"

"ಕುದಿಸಿದ್ರೂ ಹೋಗಲ್ಲ ಕಣೇ!"

"ಎಂಟೂವರೆಗೆ ಒಂದು ತಟ್ಟೆ ತಿಂದೇ ಬಂದಿದೀನಿ. ನೋಡು, ಗುಂಡುಕಲ್ಲಿನ ಹಾಗಿದೀನಿ."

ತಂಗಿ ಬುಟ್ಟಿ ದಾಟಿ ಅವಳ ಹತ್ತಿರ ಬಂದಳು. "ತುಟಿ ಮುಟ್ಕೋ."

ಅಕ್ಕ ನಗುತ್ತಲೇ ಸೆರಗಿಗೆ ಕೈಯೊರೆಸಿ ಮುಟ್ಟಿಕೊಂಡಳು. ಇನ್ನೊಮ್ಮೆ ಮುಟ್ಟಿದಳು. ನಗು ಇಂಗಿಹೋಯಿತು. "ಖಾರ ಜಾಸ್ತಿ ಆಯ್ತು ಅಂದ್ಕೊಂಡಿದ್ದೆ..." ಥಟ್ಟನೆ ತಂಗಿಯ ತೋಳು ಹಿಡಿದಳು. "ನಿಮ್ ಭಾವ! ರಾತ್ರಿಪಾಳಿ ಮುಗಿಸ್ಕೊಂಡು ಬರೋ ಹೊತ್ತು. ಪಾತ್ರೇಲಿ ಮುಚ್ಚಿಟ್ಟು ಬಂದಿದೀನಿ."

ಭಾವನ ಫೋನ್ ಏಳು ಸಲ ರಿಂಗಾಯಿತು.

"ಭಾವ, ಚಿಪ್ಪು ತಿನ್ಬೇಡಿ!"

"ಯಾಕಮ್ಮಾ? ಈಗ ತಾನೇ ಬಡಿಸ್ಕೊಂಡೆ."

"ಬಾಯಿಗೆ ಹಾಕಿದ್ರಾ?"

"ಇಲ್ಲ, ಕೈ ತೊಳೀತಿದ್ದೆ."

"ತಟ್ಟೆ ಬಿಟ್ಟು ಆಸ್ಪತ್ರೆಗೆ ಬನ್ನಿ. ಅಕ್ಕ ತಿಂದ್ಬಿಟ್ಟಿದಾಳೆ."

ಅಷ್ಟರಲ್ಲಿ ಅಕ್ಕ ತನ್ನ ಬುಟ್ಟಿಯನ್ನು ಚರಂಡಿಗೆ ಬೋರಲು ಹಾಕಿದ್ದಳು. "ಎಲ್ರೂ ಚೆಲ್ರೇ! ಬೆಳಗ್ಗೆ ಯಾರ್ಯಾರು ತಗೊಂಡ್ರೋ ಅವರ ಮನೆಗೆ ಓಡ್ರೇ!" ಮಾತು ಆಗಲೇ ತೊದಲುತ್ತಿತ್ತು. ಬಿಳಿ ಕೋಟಿನ ಮಾತಿಗೆ ಕದಲದ ಹೆಂಗಸರು ಆ ತೊದಲು ಕೇಳಿ ಎದ್ದರು. ಮೀನು ಸಾಗಿಸುವ ಆಟೋ ಹತ್ತುವಾಗ ಅಕ್ಕನ ಮೊಣಕಾಲು ಕುಸಿಯಿತು.

"ಇದಕ್ಕೆ ಮದ್ದು ಅಂತ ಇಲ್ಲ," ಎಂದರು ವೈದ್ಯೆ. "ವಿಷ ಇಳಿಯೋವರೆಗೆ ಮೆಷಿನ್ನೇ ಉಸಿರಾಡಿಸ್ಬೇಕು. ಅವರಿಗೆ ಎಲ್ಲಾ ಕೇಳಿಸ್ತಿರುತ್ತೆ, ಮಾತಾಡಿಸ್ತಾ ಇರಿ."

ಒಂದು ಕೈಯನ್ನು ಗಂಡ ಹಿಡಿದ, ಇನ್ನೊಂದನ್ನು ತಂಗಿ. ತಂಗಿ ಹಳೆಯ ಜಗಳಗಳನ್ನೆಲ್ಲ ಒಂದೊಂದಾಗಿ ನೆನಪಿಸಿ ಕ್ಷಮೆ ಕೇಳಿದಳು. ಸಂಜೆಯೊಳಗೆ ಇನ್ನಿಬ್ಬರು ಬಂದರು. ಸ್ವಲ್ಪವೇ ತಿಂದಿದ್ದರಿಂದ ಅವರಿಗೆ ಜೋಮಿಗಿಂತ ಹೆಚ್ಚೇನೂ ಆಗಲಿಲ್ಲ. ದೊಡ್ಡ ಲ್ಯಾಬಿನ ವರದಿ ಬಂದಾಗ ನಾಲ್ಕು ಗಂಟೆ.

ಮರುದಿನ ಮಧ್ಯಾಹ್ನ ಅಕ್ಕನ ಹೆಬ್ಬೆರಳು ಅಲುಗಿತು. ಅದರ ಮರುದಿನ ಉಸಿರಿನ ಕೊಳವೆ ತೆಗೆದರು. ಅವಳು ಕರ್ಕಶ ದನಿಯಲ್ಲಿ ಏನೋ ಅಂದಳು. ತಂಗಿ ಕಿವಿಯನ್ನು ಬಾಯಿಯ ಹತ್ತಿರ ತಂದಳು.

"ಹೊಳೆ ಆಚೆ ದಂಡೇಲೂ ಚಿಪ್ಪು ಹೆಕ್ತಾರೆ. ಅವ್ರಿಗೆ ಹೇಳಿದ್ರಾ?"

"ಅವತ್ತೇ ದೋಣಿ ಹೋಯ್ತು ಅಕ್ಕಾ. ಯಾರೂ ನೀರಿಗಿಳಿದಿಲ್ಲ. ನೀನು ಸುಮ್ನೆ ಉಸಿರಾಡು."