ಬಟ್ಟಿ ಬಿದ್ದ ದಿನ

ನೋವು ಎಲ್ಲಿ ಎಂದು ಆನಂದಕುಮಾರನಿಗೆ ಗೊತ್ತಿತ್ತು. ಅಕ್ಕನ ಮುಂದೆ ಅದನ್ನು ಹೇಳುವುದು ಹೇಗೆ? ಬೆಳಗ್ಗೆ ಎದ್ದವನೇ ತೊಡೆಸಂದಿ ಹಿಡಿದು ಮುದುಡಿ ಕೂತಿದ್ದ. ಎಡಗಡೆಯ ಬೀಜ ಮೇಲಕ್ಕೇರಿ ಕಲ್ಲಾಗಿತ್ತು. ಅಕ್ಕ ದಾನೇಶ್ವರಿ ಒಲೆ ಬಿಟ್ಟು ಓಡಿಬಂದು ಏನಾಯಿತೆಂದು ಕೇಳಿದರೆ, "ಹೊಟ್ಟಿ ನೋಯಾಕತ್ತೈತಿ" ಅಂದ. ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳಿಗೆ ಟೈಲ್ಸ್ ಕೂರಿಸುವ ಗಟ್ಟಿಗ, ಒಂದು ಮಾತಿಗೆ ಹೆದರಿದ ನೋಡಿ. ಮುಂದಿನ ತಿಂಗಳು ಬೇರೆ ಅವನ ಲಗ್ನ.

ವಾಂತಿಯೂ ಆಯಿತು. ಅಲ್ಲಿಗೆ ದಾನೇಶ್ವರಿಗೆ ಸಂಶಯವೇ ಉಳಿಯಲಿಲ್ಲ. "ಭಾರ ಎತ್ತಿ ಎತ್ತಿ ಬಟ್ಟಿ ಬಿದ್ದೈತಿ" ಎಂದು ಪಕ್ಕದ ಮನೆಯ ಸೂಗಮ್ಮನನ್ನು ಕರೆತಂದಳು. ಜಾಗ ತಪ್ಪಿದ ಹೊಕ್ಕುಳನ್ನು ತೀಡಿ ಕೂರಿಸುವುದರಲ್ಲಿ ತಾರ್ನಾಕದಲ್ಲಿ ನೆಲೆಸಿದ ನಮ್ಮ ಕಡೆಯವರಿಗೆಲ್ಲ ಸೂಗಮ್ಮನೇ ಗತಿ. ಹೊಟ್ಟೆಗೆ ಎಣ್ಣೆ ಹಚ್ಚಿ ತೀಡಿದಳು. ಹೊಕ್ಕುಳ ಮೇಲೆ ದೀಪವಿಟ್ಟು ಚೆಂಬು ಬೋರಲು ಹಾಕಿದಳು. ಚೆಂಬು ಗಪ್ಪನೆ ಹಿಡಿದುಕೊಂಡಿತು. "ಬಟ್ಟಿ ಏರಾಕತ್ತೈತಿ, ಸುಮ್ಮನ ಮಲಕ್ಕೊ" ಅಂದಳು. ಕೆಳಗೆ ಬೀಜ ಊದುತ್ತಲೇ ಇತ್ತು. ಹೇಳಿಬಿಡೋಣವೆಂದರೆ ಎದುರಿಗೆ ಇಬ್ಬರು ಹೆಂಗಸರು, ಹಾಳು ನಾಚಿಕೆ. ಹಲ್ಲು ಕಚ್ಚಿ ಮಲಗಿದ.

ಸಂಜೆ ಹೊತ್ತಿಗೆ ತಾಳಲಾರದೆ ಚೀರಿದ. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಹಿಂದಿಯಲ್ಲಿ ಏನೋ ಕೇಳಿದರು. ಊರಿನಿಂದ ಬಂದು ಇನ್ನೂ ಹಳಬನಾಗದ ಅವನಿಗೆ ಹಿಂದಿಯೂ ಬಾರದು, ತೆಲುಗೂ ಬಾರದು. ಹೇಳುವುದಿದ್ದರೆ ಅಕ್ಕನ ಬಾಯಿಂದಲೇ ಹೇಳಿಸಬೇಕು.

"ಹೊಟ್ಟಿ ಮೆತ್ತಗೈತಂತ. ಖರೇ ಹೇಳು ತಮ್ಮಾ, ಎಲ್ಲಿ ನೋವು?"

ಅವನು ಗೋಡೆಯತ್ತ ತಿರುಗಿದ. "ಹೊಟ್ಟಿ ಅಲ್ಲಕ್ಕಾ. ಕೆಳಗ. ಎಡಗಡೆ ಬೀಜ."

ದಾನೇಶ್ವರಿಯ ಮುಖ ಬಿಳಿಚಿತು. ಆ ಮಾತಿಗೆ ಹಿಂದಿಯಲ್ಲಿ ಏನನ್ನುತ್ತಾರೋ ಅವಳಿಗೂ ತಿಳಿಯದು. ನಾಚಿಕೆ ಗೀಚಿಕೆ ಬಿಟ್ಟು ಬೆರಳು ಮಾಡಿ ತೋರಿಸಿದಳು. ಡಾಕ್ಟರು ಒಮ್ಮೆ ನೋಡಿದವರೇ ಆಪರೇಷನ್ನಿಗೆ ಅವಸರ ಮಾಡಿದರು.

ಆಪರೇಷನ್ ಮುಗಿದ ಮೇಲೆ ಡಾಕ್ಟರು ಸ್ಟೆತಸ್ಕೋಪಿನ ನಳಿಗೆಯನ್ನು ತಿರುಚಿ ತೋರಿಸಿದರು. ಬೀಜ ಇಂಥದೊಂದು ಹುರಿಗೆ ಜೋತುಬಿದ್ದಿರುತ್ತದೆ, ರಕ್ತ ಹರಿಯುವುದು ಅದರಲ್ಲೇ. ಹುರಿ ತಿರುಚಿದರೆ ರಕ್ತ ನಿಲ್ಲುತ್ತದೆ. ನೋವು ಶುರುವಾದ ಆರು ತಾಸಿನೊಳಗೆ ಬಂದಿದ್ದರೆ ಬಹುಶಃ ಉಳಿಯುತ್ತಿತ್ತು. ಎಡಗಡೆಯದು ಸತ್ತಿತ್ತು, ತೆಗೆದರು. ಬಲಗಡೆಯದು ತಿರುಚದಂತೆ ಹೊಲಿಗೆ ಹಾಕಿದ್ದಾರೆ. ಗಂಡಸುತನಕ್ಕೂ ಮಕ್ಕಳಾಗುವುದಕ್ಕೂ ಅದೊಂದೇ ಸಾಕಂತೆ.

"ಚೆಂಬು ಹಚ್ಚಿಸಿದಾಕಿ ನಾನ" ಎಂದು ದಾನೇಶ್ವರಿ ಅತ್ತಳು.

"ಹೊಟ್ಟಿ ಅಂದಾಂವ ನಾನು" ಅಂದ ಅವನು.

ಅಷ್ಟರಲ್ಲಿ ಅವಳ ಮೊಬೈಲು ಬಡಿದುಕೊಂಡಿತು. ಲಗ್ನ ಗೊತ್ತಾದ ಹುಡುಗಿ ರೇಣುಕಾಳ ಅಪ್ಪ ಮಾಣಿಕಪ್ಪ. ಸೂಗಮ್ಮ ಆಗಲೇ ಊರಿಗೆ ಸುದ್ದಿ ಮುಟ್ಟಿಸಿದ್ದಳು. ದಾನೇಶ್ವರಿ ಫೋನನ್ನು ಎದೆಗೊತ್ತಿಕೊಂಡು ಪಿಸುಗುಟ್ಟಿದಳು: "ಹೊಟ್ಟಿ ಆಪರೇಷನ್ ಅಂತೀನಿ. ಖರೇ ಗೊತ್ತಾದ್ರ ಲಗ್ನ ಮುರೀತೈತಿ."

ಅವನು ಕೈ ಚಾಚಿ ಫೋನು ಇಸಿದುಕೊಂಡ. "ಹಲೋ, ನಾನ್ರಿ" ಅಂದ.

"ಅಳಿಯಾರ, ಹೊಟ್ಟಿನೋವು ಹ್ಯಾಂಗೈತ್ರಿ?"

ಅಕ್ಕ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಳು.

"ಹೊಟ್ಟಿ ಅಲ್ರಿ ಮಾವಾರ" ಅಂದ.